ಹಸಿ ವಾಸನೆಯೋ, ಹಳಸಿದ ವಾಸನೆಯೋ? ಎಳೆಯ ಬೋರ್ಬನ್ ರುಚಿ ನೋಡುವ ಬಗೆ

ಪ್ರಶ್ನೆ: ನಮಸ್ಕಾರ ಸರ್. ಊರು ಮೈಸೂರು, ಈಗಿರೋದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಹೋದ ತಿಂಗಳು ಇಲ್ಲೇ ಹತ್ತಿರದ ಒಂದು ಸಣ್ಣ ಡಿಸ್ಟಿಲರಿ ನೋಡಲು ಹೋದಾಗ ಅವರ ಸ್ಟ್ರೇಟ್ ಬೋರ್ಬನ್ (ಮೆಕ್ಕೆಜೋಳದಿಂದ ಮಾಡುವ ಅಮೆರಿಕನ್ ವಿಸ್ಕಿ) ಒಂದು ಬಾಟಲಿ ತಂದೆ. ಲೇಬಲ್ ಮೇಲೆ 2 ವರ್ಷ, ಆಲ್ಕೋಹಾಲ್ ಶೇ. 47 ಅಂತ ಇದೆ. ಬೆಲೆ 60 ಡಾಲರ್. ಬಣ್ಣ ಮಾತ್ರ ಗಾಢ ಕಂದು. ಮುಚ್ಚಳ ತೆಗೆದ ತಕ್ಷಣ ನೇಲ್ ಪಾಲಿಶ್ ರಿಮೂವರ್ ವಾಸನೆ ಬಂತು, ಆಮೇಲೆ ಬೇಯಿಸಿದ ಮೆಕ್ಕೆಜೋಳದ್ದು. ಬಾಯಲ್ಲಿ ಸಿಹಿ, ಕೊನೆಗೆ ಒಗರು. ಸ್ಕಾಚ್ ಕುಡಿಯುವ ಗೆಳೆಯ ಒಂದೇ ಗುಟುಕು ಕುಡಿದು "ಕೆಟ್ಟಿದೆ, ಸಿಂಕಿಗೆ ಸುರಿ" ಅಂದ. ನಿಜವಾಗಿ ಕೆಟ್ಟಿದೆಯಾ, ಬರೀ ಎಳೆಯದಾ? ಮನೆಯಲ್ಲಿಟ್ಟರೆ ಸರಿ ಹೋಗುತ್ತಾ? ಡಿಸೆಂಬರಿನಲ್ಲಿ ಊರಿಗೆ ಬರುವಾಗ ನಮ್ಮ ಮಾವನವರಿಗೆ ಇಂಥದ್ದೇ ಒಂದು ತರಬಹುದಾ?

ಉತ್ತರ: ಸಿಂಕಿಗೆ ಸುರಿಯಬೇಡಿ. ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳು ಅಂತ ಅಲ್ಲ. ಆದರೆ ಒಂದೇ ಗುಟುಕಿಗೆ ತೀರ್ಪು ಕೊಡುವ ಪಾನೀಯ ಇದಲ್ಲ.

ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ. ರವೆ ಸರಿಯಾಗಿ ಹುರಿಯದೆ ಉಪ್ಪಿಟ್ಟು ಮಾಡಿದರೆ ಹಸಿ ವಾಸನೆ ಹೊಡೆಯುತ್ತದೆ. ನಿನ್ನೆಯ ಉಪ್ಪಿಟ್ಟನ್ನು ಬೇಸಿಗೆಯಲ್ಲಿ ಮುಚ್ಚಿಟ್ಟರೆ ಹಳಸಿದ ವಾಸನೆ. ತಳ ಹಿಡಿದರೆ ಸೀದ ವಾಸನೆ. ಇವು ಮೂರೂ ಬೇರೆ ಬೇರೆ ಅಂತ ನಮ್ಮ ಮನೆಯ ಹೆಂಗಸರಿಗೆ ಯಾರೂ ಪಾಠ ಮಾಡಿಲ್ಲ, ಮೂಗೇ ಹೇಳುತ್ತದೆ. ಎಳೆಯ ಬೋರ್ಬನ್‌ನಲ್ಲೂ ಹುಡುಕಬೇಕಾದ್ದು ಇವೇ ಮೂರು. ಹಸಿ ಅಂದರೆ ವಯಸ್ಸು ಸಾಲದು. ಹಳಸಿದ್ದು ಅಂದರೆ ಭಟ್ಟಿ ಇಳಿಸಿದವರ ಕೈ ತಪ್ಪಿದೆ. ಸೀದದ್ದು ಅಂದರೆ ಮರ ಅತಿಯಾಗಿದೆ. ಹಸಿತನವನ್ನು ಕ್ಷಮಿಸಬಹುದು, ಅಭ್ಯಾಸವಾದರೆ ಇಷ್ಟವೂ ಆಗಬಹುದು. ಹಳಸಿದ್ದಕ್ಕೆ ಮದ್ದಿಲ್ಲ. ಜಾಸ್ತಿ ಜನ ಮೋಸ ಹೋಗುವುದು ಸೀದದ್ದರ ಹತ್ತಿರ.

ರುಚಿಗೆ ಮೊದಲು ಲೇಬಲ್ ನೋಡಿ. ಅಮೆರಿಕದ ಕಾನೂನಿನ ಪ್ರಕಾರ ಬೋರ್ಬನ್ ಅನ್ನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಭಟ್ಟಿ ಇಳಿಸುವಾಗ ಆಲ್ಕೋಹಾಲ್ ಶೇ. 80 ದಾಟಬಾರದು. ಪೀಪಾಯಿಗೆ ಹಾಕುವಾಗ ಶೇ. 62.5 ಮೀರಬಾರದು. ಪೀಪಾಯಿ ಓಕ್ ಮರದ್ದಾಗಿರಬೇಕು, ಒಳಮೈ ಸುಟ್ಟು ಕಪ್ಪಾಗಿಸಿರಬೇಕು, ಹೊಚ್ಚ ಹೊಸದಾಗಿರಬೇಕು. ಬರೀ ಬೋರ್ಬನ್ ಅನ್ನಲು ಇಷ್ಟೇ ವರ್ಷ ಅಂತ ನಿಯಮವೇ ಇಲ್ಲ. 'ಸ್ಟ್ರೇಟ್' ಅನ್ನಲು ಮಾತ್ರ 2 ವರ್ಷ ಆಗಿರಬೇಕು, ಬಣ್ಣ, ಪರಿಮಳ ಏನನ್ನೂ ಬೆರೆಸುವಂತಿಲ್ಲ. 4 ವರ್ಷ ತುಂಬದ ವಿಸ್ಕಿ ತನ್ನ ವಯಸ್ಸನ್ನು ಲೇಬಲ್ ಮೇಲೆ ಹೇಳಲೇಬೇಕು. ನಿಮ್ಮ ಬಾಟಲಿ ಅದನ್ನು ಮುಚ್ಚಿಟ್ಟಿಲ್ಲ, ಒಳ್ಳೆಯದೇ.

ಹಿಂಬದಿಯ ಸಣ್ಣ ಅಕ್ಷರವನ್ನೂ ಓದಿ. 'ಡಿಸ್ಟಿಲ್ಡ್ ಬೈ' ಅಂತ ಇದ್ದರೆ ಅವರೇ ಇಳಿಸಿದ್ದು. 'ಬಾಟಲ್ಡ್ ಬೈ', 'ಪ್ರೊಡ್ಯೂಸ್ಡ್ ಬೈ' ಅಂತ ಮಾತ್ರ ಇದ್ದರೆ ಬೇರೆ ಕಡೆಯಿಂದ ಕೊಂಡು ತುಂಬಿಸಿರಬಹುದು. ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನಲ್ಲಿ ದೊಡ್ಡದೊಂದು ಡಿಸ್ಟಿಲರಿ ಇದೆ, ಹತ್ತಾರು ಬ್ರ್ಯಾಂಡ್‌ಗಳ ಒಳಗಿನ ಸರಕು ಅಲ್ಲಿಯದೇ. ಆ ಸರಕು ಚೆನ್ನಾಗಿಯೇ ಇರುತ್ತದೆ, ಅದು ಬೇರೆ ಮಾತು. ಆದರೆ ಸಣ್ಣ ಡಿಸ್ಟಿಲರಿಯ ಕೈಗುಣ ಅಳೆಯಲು ಹೊರಟಾಗ ಯಾರ ಕೈ ಅಂತ ಗೊತ್ತಿರಬೇಕು ಅಲ್ವಾ?

ಈಗ ನಿಮ್ಮ ನೇಲ್ ಪಾಲಿಶ್ ರಿಮೂವರ್ ವಿಷಯ. ಭಟ್ಟಿ ಕಾಯಿಸಿದಾಗ ಮೊದಲು ಆವಿಯಾಗಿ ಬರುವುದು ತುಂಬಾ ಹಗುರವಾದ ವಸ್ತುಗಳು. ಅಸಿಟಾಲ್ಡಿಹೈಡ್ ಹಸಿ ಸೇಬಿನ ವಾಸನೆ ಕೊಡುತ್ತದೆ, ಈಥೈಲ್ ಅಸಿಟೇಟ್ ನೀವು ಹೇಳಿದ ಆ ರಿಮೂವರ್ ವಾಸನೆ. ಇದನ್ನು ತಲೆ ಅನ್ನುತ್ತಾರೆ. ನಡುವೆ ಬರುವುದೇ ಬೇಕಾದ ಭಾಗ. ಕೊನೆಗೆ ಭಾರವಾದ, ಎಣ್ಣೆಯಂಥ ಬಾಲ ಬರುತ್ತದೆ. ಎಲ್ಲಿ ತಲೆ ಕಡಿಯಬೇಕು, ಎಲ್ಲಿ ಬಾಲ ಕಡಿಯಬೇಕು ಅನ್ನುವುದೇ ಈ ಕಸುಬಿನ ಅರ್ಧ ಜಾಣತನ. ಆಸೆಗೆ ಬಿದ್ದು ಎರಡೂ ಕಡೆ ಸ್ವಲ್ಪ ಸ್ವಲ್ಪ ಸೇರಿಸಿಕೊಂಡರೆ ಸರಕು ಜಾಸ್ತಿ ಸಿಗುತ್ತದೆ, ವಾಸನೆಯೂ ಅದರ ಜೊತೆ ಬರುತ್ತದೆ.

ಆದರೆ ಈಥೈಲ್ ಅಸಿಟೇಟ್ ಎಲ್ಲ ವಿಸ್ಕಿಯಲ್ಲೂ ಇರುತ್ತದೆ. ಸ್ವಲ್ಪವೇ ಇದ್ದರೆ ಹಣ್ಣಿನಂತೆ ಅನ್ನಿಸುತ್ತದೆ. ಮೊದಲ ಸಲ ಮುಚ್ಚಳ ತೆಗೆದಾಗ ಬಾಟಲಿಯ ಕುತ್ತಿಗೆಯಲ್ಲಿ ಕೂಡಿದ್ದ ಹಗುರ ಆವಿಯೇ ಮೂಗಿಗೆ ನುಗ್ಗುತ್ತದೆ. ಅದನ್ನು ನೋಡಿ ವಿಸ್ಕಿಯೇ ಹೀಗೆ ಅನ್ನುವುದು ಕುಕ್ಕರಿನ ಆವಿ ಮೂಸಿ ಸಾರಿನ ಉಪ್ಪು ಹೇಳಿದಂತೆ. ಲೋಟಕ್ಕೆ ಹಾಕಿ ಕಾಲು ಗಂಟೆ ಸುಮ್ನೆ ಬಿಡಿ. ಆಮೇಲೂ ಮೂಗಿಗೆ ಅದೇ ಘಾಟು ಹೊಡೆದರೆ ತಲೆ ಕಡಿದದ್ದು ಸಾಲದು ಅಂತ ಲೆಕ್ಕ.

ಬಾಲದ ವಾಸನೆ ಕಾಲು ಗಂಟೆಗೆ ಹೋಗುವುದಿಲ್ಲ. ಒದ್ದೆ ರಟ್ಟು, ಮಳೆಯಲ್ಲಿ ನೆಂದ ನಾಯಿ, ಕಮಟು ಹಿಡಿದ ಕೊಬ್ಬರಿ ಎಣ್ಣೆ: ಇವು ಬಂದರೆ ಬಾಲ ಸೇರಿದೆ. ಹುಳಿತ ಹಾಲಿನ ಅಥವಾ ವಾಂತಿಯ ವಾಸನೆ ಬಂದರೆ ಹುದುಗು ಬರಿಸುವಾಗಲೇ ಬೇಡದ ಬ್ಯಾಕ್ಟೀರಿಯಾ ಕೈಯಾಡಿಸಿದೆ. ಬೇಯಿಸಿದ ಎಲೆಕೋಸು, ಕೊಳೆತ ಮೊಟ್ಟೆ ಅಂದರೆ ಗಂಧಕ. ಭಟ್ಟಿಯ ತಾಮ್ರ ಅದನ್ನು ಹಿಡಿದುಕೊಳ್ಳಬೇಕಿತ್ತು, ಉಳಿದದ್ದನ್ನು ಪೀಪಾಯಿಯ ಒಳಗಿನ ಇದ್ದಿಲು ಹೀರಬೇಕಿತ್ತು. ಗಂಧಕ ವರ್ಷ ಕಳೆದಂತೆ ಪೀಪಾಯಿಯಲ್ಲಿ ಕಡಿಮೆಯಾಗುತ್ತದೆ. ಕಮಟು ಮಾತ್ರ ಹಾಗೆ ಸುಲಭಕ್ಕೆ ಬಿಡುವುದಿಲ್ಲ.

ಇನ್ನು ಹಸಿ ವಾಸನೆ. ಬೇಯಿಸಿದ ಮೆಕ್ಕೆಜೋಳ, ಹೊಸದಾಗಿ ಬೀಸಿದ ಹಿಟ್ಟು, ಹುದುಗು ಬಂದ ದೋಸೆ ಹಿಟ್ಟು, ಪೇರ್ ಹಣ್ಣಿನ ವಾಸನೆಯ ಮಿಠಾಯಿ, ಬಾಳೆಹಣ್ಣು. ಮೆಕ್ಕೆಜೋಳದ ಜೊತೆ ರೈ ಧಾನ್ಯ ಸೇರಿಸಿದ್ದರೆ ಮೆಣಸಿನ ಖಾರ, ಜೊತೆಗೆ ಸಬ್ಬಸಿಗೆ ಸೊಪ್ಪಿನ ವಾಸನೆ. ಇದನ್ನು ನಾನು ಕವಿತ್ವಕ್ಕೆ ಹೇಳುತ್ತಿಲ್ಲ. ಎಳೆಯ ರೈ ವಿಸ್ಕಿಯನ್ನು ಮೂಸಿ ನೋಡಿ, ಸಬ್ಬಸಿಗೆ ಕಟ್ಟು ಬಿಚ್ಚಿದ ಹಾಗೇ ಇರುತ್ತದೆ. ರೈ ಬದಲು ಗೋಧಿ ಹಾಕಿದ್ದರೆ ಎಳೆಯದು ಕೂಡ ಸ್ವಲ್ಪ ಮೆತ್ತಗೆ, ಬ್ರೆಡ್ಡಿನ ಹಾಗೆ ಅನ್ನಿಸುತ್ತದೆ. ಇವೆಲ್ಲ ದೋಷಗಳಲ್ಲ. ಧಾನ್ಯ ಇನ್ನೂ ಮಾತಾಡುತ್ತಿದೆ ಅಂತ ಅರ್ಥ. ಹತ್ತು ವರ್ಷದ ಬೋರ್ಬನ್‌ನಲ್ಲಿ ಮರ ಅದರ ಬಾಯಿ ಮುಚ್ಚಿಸಿರುತ್ತದೆ. ಸಣ್ಣ ಡಿಸ್ಟಿಲರಿಯವರು ಯಾವುದೋ ನಾಟಿ ತಳಿಯ ನೀಲಿ ಮೆಕ್ಕೆಜೋಳ ಹಾಕಿದ್ದರೆ ಅದರ ರುಚಿ ಸಿಗುವುದು ಎಳೆಯದರಲ್ಲೇ. ನನಗಂತೂ ಒಳ್ಳೆಯ ಎಳೆಯ ಬೋರ್ಬನ್‌ನ ಆ ಸುಟ್ಟ ತೆನೆಯ ವಾಸನೆ ಇಷ್ಟ.

ಈಗ ಬಣ್ಣದ ಕಥೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಡಿಸ್ಟಿಲರಿಯಲ್ಲಿ ನನ್ನ ಮುಂದೆ ಮೂರು ಲೋಟ ಇಟ್ಟು "ಯಾವುದು ಹಳೆಯದು ಹೇಳಿ" ಅಂದರು. ನಾನು ತಜ್ಞನ ಗತ್ತಿನಲ್ಲಿ ಲೋಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮಧ್ಯದ್ದು ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ಬೆಲ್ಲದ ಪಾಕ, ವೆನಿಲ್ಲಾ ವಾಸನೆ ಬೇರೆ. "ಇದೇ, ಆರು ವರ್ಷ ಆಗಿರಬೇಕು" ಅಂದೆ. ಅದಕ್ಕೆ ಆಗಿದ್ದದ್ದು 14 ತಿಂಗಳು. ತುಂಬಿಸಿದ್ದು 5 ಗ್ಯಾಲನ್‌ನ ಪುಟ್ಟ ಪೀಪಾಯಿಯಲ್ಲಿ. ನಿಜವಾಗಿ ಐದು ವರ್ಷದ್ದು ಪಕ್ಕದಲ್ಲಿ ತೆಳು ಜೇನಿನ ಬಣ್ಣದಲ್ಲಿ ಕೂತಿತ್ತು. ಅವತ್ತಿನಿಂದ ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ.

ಆಗಿದ್ದೇನು ಅಂದರೆ, ದೊಡ್ಡ ಕಂಪನಿಗಳ ಪೀಪಾಯಿ 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್. 5 ಗ್ಯಾಲನ್ನಿನದು 19 ಲೀಟರ್. ಪೀಪಾಯಿ ಚಿಕ್ಕದಾದಷ್ಟೂ ಒಂದೊಂದು ಲೀಟರಿಗೆ ತಗಲುವ ಮರ ಜಾಸ್ತಿ. ಈ ಎರಡರ ನಡುವೆ ಲೆಕ್ಕ ಹಾಕಿದರೆ ಎರಡು ಪಟ್ಟಿಗೂ ಮೇಲೆ. ಹಾಗಾಗಿ ಬಣ್ಣ, ವೆನಿಲ್ಲಾ, ಸುಟ್ಟ ಸಕ್ಕರೆ, ಒಗರು ಎಲ್ಲವೂ ಬೇಗ ಇಳಿಯುತ್ತವೆ. ಆದರೆ ಪೀಪಾಯಿಯಲ್ಲಿ ನಡೆಯುವ ಇನ್ನೊಂದು ಕೆಲಸಕ್ಕೆ ಮರದಷ್ಟೇ ಸಮಯವೂ ಬೇಕು. ಮರದ ಸಂದಿಯಿಂದ ಗಾಳಿ ನಿಧಾನಕ್ಕೆ ಒಳಗೆ ಬರಬೇಕು. ಆಮ್ಲಗಳೂ ಆಲ್ಕೋಹಾಲೂ ಸೇರಿ ಹಣ್ಣಿನ ಪರಿಮಳದ ಎಸ್ಟರ್‌ಗಳಾಗಬೇಕು. ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಗೆ ನುಗ್ಗಬೇಕು, ಚಳಿಗಾಲದಲ್ಲಿ ಕುಗ್ಗಿ ಹೊರಗೆ ಬರಬೇಕು. ಹೀಗೆ ಎಷ್ಟು ಸಲ ಆಯಿತು ಅನ್ನುವುದು ಪೀಪಾಯಿಯ ಗಾತ್ರದಿಂದ ಹೆಚ್ಚುವುದಿಲ್ಲ. ಉಪ್ಪಿನಕಾಯಿಗೆ ಮಸಾಲೆ ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಬೇಗ ಕಳಿಯುತ್ತದಾ?

ಇದನ್ನು ಕೆಂಟಕಿ ರಾಜ್ಯದ ಬಫಲೋ ಟ್ರೇಸ್ ಡಿಸ್ಟಿಲರಿಯವರು ಮಾಡಿಯೇ ನೋಡಿದರು. ಒಂದೇ ಧಾನ್ಯ ಮಿಶ್ರಣದ ವಿಸ್ಕಿಯನ್ನು 5, 10, 15 ಗ್ಯಾಲನ್ ಪೀಪಾಯಿಗಳಲ್ಲಿ ಅಕ್ಕಪಕ್ಕ ಇಟ್ಟು ಆರು ವರ್ಷ ಕಾದರು. 2012ರಲ್ಲಿ ಅದು ಸೋತ ಪ್ರಯೋಗ ಅಂತ ತಾವೇ ಹೇಳಿಕೊಂಡರು. ಮರದ ಹೊಗೆ, ಇದ್ದಿಲು ಬಂದಿತ್ತು, ಮಾಗಿದ ಗುಣ ಬಂದಿರಲಿಲ್ಲ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನ್ಯೂಯಾರ್ಕ್ ರಾಜ್ಯದ ಟಟ್‌ಹಿಲ್‌ಟೌನ್ ಡಿಸ್ಟಿಲರಿಯ 'ಹಡ್ಸನ್ ಬೇಬಿ ಬೋರ್ಬನ್' ಪುಟ್ಟ ಪೀಪಾಯಿಯಲ್ಲೇ ಮಾಡಿದ್ದು, ಅದಕ್ಕೆ ದೊಡ್ಡ ಹೆಸರೂ ಬಂತು. ಹಾಗಾಗಿ ಸಣ್ಣ ಪೀಪಾಯಿ ಅಂದ ಕೂಡಲೇ ಮೂಗು ಮುರಿಯಬೇಕಿಲ್ಲ. ಸರಿಯಾದ ಹೊತ್ತಿಗೆ ಹೊರಗೆ ತೆಗೆದಿದ್ದಾರಾ ಅಂತ ಕೇಳಬೇಕು.

ಟೆಕ್ಸಾಸಿನಲ್ಲಿ ಈ ತೊಂದರೆ ಇಮ್ಮಡಿ. ಅಲ್ಲಿನ ಬಿಸಿಲಿಗೆ 53 ಗ್ಯಾಲನ್ ಪೀಪಾಯಿ ಕೂಡ ಅವಸರ ಮಾಡುತ್ತದೆ, ಆವಿಯಾಗಿ ಹೋಗುವುದೂ ಕೆಂಟಕಿಗಿಂತ ಜಾಸ್ತಿ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲೂ ವರ್ಷಕ್ಕೆ ಶೇ. 10ಕ್ಕೂ ಮೇಲೆ ಗಾಳಿಗೆ ಹೋಗುತ್ತದೆ. ಹಾಗಿದ್ದೂ ಅವರು 2004ರಲ್ಲಿ ಸ್ಕಾಚ್‌ನ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ತಮ್ಮ ಎಳೆಯ ಸಿಂಗಲ್ ಮಾಲ್ಟ್ (ಮೊಳಕೆ ಬಾರ್ಲಿಯ ವಿಸ್ಕಿ) ಇಟ್ಟು ಸೈ ಅನ್ನಿಸಿಕೊಂಡರು. ಅವರು ಬಳಸುವ ಪೀಪಾಯಿಗಳಲ್ಲಿ ಬಹಳಷ್ಟು ಅಮೆರಿಕದಲ್ಲಿ ಒಮ್ಮೆ ಬೋರ್ಬನ್ ತುಂಬಿ ಖಾಲಿ ಮಾಡಿದವು, ಅಂದರೆ ಮರದ ಮೊದಲ ಖಾರ ಆಗಲೇ ಇಳಿದುಹೋಗಿರುತ್ತದೆ. ಬೋರ್ಬನ್‌ಗೆ ಆ ಅನುಕೂಲ ಇಲ್ಲ. ಹೊಸ ಪೀಪಾಯಿ, ಉರಿ ಬಿಸಿಲು ಎರಡೂ ಸೇರಿದರೆ 2 ವರ್ಷಕ್ಕೇ ಗಾಢ ಕಂದು. ನಿಮ್ಮ ಬಾಟಲಿಯ ಬಣ್ಣಕ್ಕೆ ಇದಿಷ್ಟೇ ಕಾರಣ ಇರಬಹುದು.

ಇನ್ನು ರುಚಿ ನೋಡೋಣ. ಒಗ್ಗರಣೆ ಹಾಕಿದ ಒಂದು ಗಂಟೆಯೊಳಗೆ ಬೇಡ. ಊದುಬತ್ತಿ ಹಚ್ಚಿದ ಮನೆಯಲ್ಲೂ ಬೇಡ. ಬಾಯಿ ಕಿರಿದಾದ ಗಾಜಿನ ಲೋಟ ಮೂರು ತೆಗೆದುಕೊಳ್ಳಿ. ಒಂದಕ್ಕೆ ನಿಮ್ಮ ಬೋರ್ಬನ್ 20 ಮಿ.ಲೀ. ಹಾಕಿ, ಹದಿನೈದು ನಿಮಿಷ ತೆರೆದಿಡಿ. ಇನ್ನೊಂದಕ್ಕೆ ಹೋಲಿಸಲು 4 ವರ್ಷದ 'ಬಾಟಲ್ಡ್ ಇನ್ ಬಾಂಡ್' ಬೋರ್ಬನ್ ಹಾಕಿ. ಇದು 1897ರ ಕಾನೂನಿನಿಂದ ಬಂದ ಗುರುತು. ಒಂದೇ ಡಿಸ್ಟಿಲರಿಯಲ್ಲಿ ಒಂದೇ ಋತುವಿನಲ್ಲಿ ಮಾಡಿದ್ದು, ಕನಿಷ್ಠ 4 ವರ್ಷ, ಸರಿಯಾಗಿ ಶೇ. 50. ಇವಾನ್ ವಿಲಿಯಮ್ಸ್‌ನ ಬಿಳಿ ಲೇಬಲ್ ಆದರೆ ನಿಮ್ಮ ಬಾಟಲಿಗಿಂತ ಎಷ್ಟೋ ಅಗ್ಗ. ಪಕ್ಕದಲ್ಲಿ ಅಳತೆಗೋಲು ಇಲ್ಲದೆ ಎಳೆಯದನ್ನು ಅಳೆಯಲು ನನಗೂ ಆಗುವುದಿಲ್ಲ.

ವೈನ್ ಥರ ಲೋಟ ಗಿರಗಿರ ತಿರುಗಿಸಬೇಡಿ, ಬರೀ ಘಾಟು ಏಳುತ್ತದೆ. ಮೊದಲು ಗಲ್ಲದ ಹತ್ತಿರ ಹಿಡಿದು, ನಿಧಾನಕ್ಕೆ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ. ಎರಡು ಸಲ ಮೂಸಿ, ನಿಲ್ಲಿಸಿ, ನಿಮ್ಮ ಅಂಗಿಯ ತೋಳು ಮೂಸಿ, ಮತ್ತೆ ಬನ್ನಿ. ನಗಬೇಡಿ, ಮೂಗು ದಣಿದಾಗ ನಾವು ಮಾಡುವುದು ಇದನ್ನೇ.

ಮೊದಲ ಗುಟುಕಿನ ರುಚಿ ಲೆಕ್ಕಕ್ಕಿಲ್ಲ. ಅದು ಬಾಯಿ ತೊಳೆಯಲು. ಎರಡನೆಯದನ್ನು ನಾಲಿಗೆಯ ಮೇಲೆ ಹೊರಳಾಡಿಸಿ, ಜಗಿಯುವ ಹಾಗೆ ಮಾಡಿ ನುಂಗಿ. ಆಮೇಲೆ ಅರ್ಧ ನಿಮಿಷ ಸುಮ್ನಿರಿ. ಬಿಸಿ ಎಲ್ಲಿ ಕೂತಿದೆ? ಎದೆಯಲ್ಲಿ ಮೆಲ್ಲಗೆ ಹರಡಿದರೆ ಒಳ್ಳೆಯದು. ಗಂಟಲಲ್ಲಿ ಗೀರಿದ ಹಾಗಾದರೆ ತಲೆ ಭಾಗ ಉಳಿದಿರಬಹುದು. ಸಿಹಿ ಹೋದ ಮೇಲೆ ಏನು ಉಳಿಯಿತು? ಹುರಿದ ಧಾನ್ಯ ಉಳಿದರೆ ಸಂತೋಷ. ಒಸಡು ಹಿಡಿದುಕೊಳ್ಳುವ ಒಗರು ಮಾತ್ರ ಉಳಿದರೆ ಅದು ಮರದ ಟ್ಯಾನಿನ್. ಹಸಿ ಅಡಿಕೆ ಕಚ್ಚಿದ್ದರೆ ಈ ಒಗರು ನಿಮಗೆ ಗೊತ್ತು. ಸ್ವಲ್ಪ ಒಗರು ಬೇಕು, ಅದಿಲ್ಲದಿದ್ದರೆ ಬೋರ್ಬನ್ ಬರೀ ಪಾಕ. ಬಾಯೆಲ್ಲ ಒಣಗಿ ನೀರಿಗೆ ಕೈ ಹೋದರೆ ಮರ ಗೆದ್ದಿದೆ.

ಈಗ ಒಂದೊಂದೇ ಹನಿ ನೀರು. ಕ್ಲೋರಿನ್ ವಾಸನೆಯ ನಲ್ಲಿ ನೀರು ಬೇಡ. ನೀರು ಹಾಕಿದರೆ ವಿಸ್ಕಿ ಅರಳುತ್ತದೆ ಅನ್ನುವುದು ಬರೀ ನಂಬಿಕೆಯಲ್ಲ. ಗ್ವಾಯಕಾಲ್‌ನಂಥ ಹೊಗೆವಾಸನೆಯ ಅಣುಗಳು ನೀರು ಬೆರೆತಾಗ ಮೇಲ್ಮೈಗೆ ಬಂದು ಸೇರುತ್ತವೆ ಅಂತ ಸ್ವೀಡನ್ನಿನ ಇಬ್ಬರು ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದ್ದಾರೆ. ಚೆನ್ನಾಗಿ ಮಾಡಿದ ಎಳೆಯ ಬೋರ್ಬನ್ ನೀರು ಬಿದ್ದಾಗ ಸಿಹಿ ಮೆಕ್ಕೆಜೋಳ, ಹಣ್ಣು ತೋರಿಸುತ್ತದೆ. ಸಣ್ಣ ಪೀಪಾಯಿಯ ಮೇಕಪ್ ಹಾಕಿದ್ದಾದರೆ ಸಕ್ಕರೆ ಪಾಕ ಒಂದು ಕಡೆ, ಹಸಿ ಸ್ಪಿರಿಟ್ ಇನ್ನೊಂದು ಕಡೆ ಒಡೆದು ನಿಲ್ಲುತ್ತದೆ. ಒಡೆದ ಮಜ್ಜಿಗೆಹುಳಿ ನೋಡಿದ್ದೀರಲ್ಲ, ಹಾಗೆ.

ಮೂರನೇ ಲೋಟ ಯಾಕೆ ಅಂತ ಕೇಳಲಿಲ್ಲ ನೀವು. ಅದರಲ್ಲಿ ನಿಮ್ಮ ಬೋರ್ಬನ್ 20 ಮಿ.ಲೀ. ಹಾಕಿ 27 ಮಿ.ಲೀ. ನೀರು ಸೇರಿಸಿ. ಆಲ್ಕೋಹಾಲ್ ಶೇ. 20ಕ್ಕೆ ಇಳಿಯುತ್ತದೆ. ಇದು ಕುಡಿಯಲು ಅಲ್ಲ, ಮೂಸಲು. ಸ್ಕಾಟ್ಲೆಂಡಿನ ಬ್ಲೆಂಡರ್‌ಗಳು, ಅಂದರೆ ಬೇರೆ ಬೇರೆ ವಿಸ್ಕಿ ಬೆರೆಸಿ ಹದ ಮಾಡುವವರು, ಇಡೀ ದಿನ ಮೂಸುವುದು ಸುಮಾರು ಈ ಮಟ್ಟದಲ್ಲೇ. ಆಲ್ಕೋಹಾಲಿನ ಮುಸುಕು ಸರಿದರೆ ತಪ್ಪುಗಳಿಗೆ ಅವಿತುಕೊಳ್ಳಲು ಜಾಗ ಇರುವುದಿಲ್ಲ. ಒದ್ದೆ ರಟ್ಟು ಇದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಒಂದು ತಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟು ತೆಗೆದು ಮೂಸಿ. ಮಲಗುವ ಮೊದಲು ಮೊದಲನೇ ಲೋಟವನ್ನು ತೊಳೆಯದೆ ಹಾಗೇ ಬಿಡಿ. ಬೆಳಗ್ಗೆ ಕಾಫಿಗೆ ಮುಂಚೆ ಖಾಲಿ ಲೋಟ ಮೂಸಿದರೆ ವೆನಿಲ್ಲಾ, ಬೆಲ್ಲ, ಹುರಿದ ಧಾನ್ಯ ಇರಬೇಕು. ಬೂದಿ, ಹಸಿ ಮರದ ಪುಡಿ ಮಾತ್ರ ಇದ್ದರೆ ಸೀದದ್ದರ ಪಟ್ಟಿಗೆ ಸೇರಿಸಿ.

ನೀವು ಬರೆದ ಲಕ್ಷಣಗಳನ್ನು ಮಾತ್ರ ನೋಡಿ ಹೇಳುವುದಾದರೆ, ಬೇಯಿಸಿದ ಮೆಕ್ಕೆಜೋಳ ಮತ್ತು ಸಿಹಿ ಎರಡೂ ಹಸಿತನ, ಅದಕ್ಕೆ ನನ್ನ ತಕರಾರಿಲ್ಲ. ರಿಮೂವರ್ ವಾಸನೆಗೆ ಕಾಲು ಗಂಟೆಯ ಪರೀಕ್ಷೆ ಮಾಡಿ. ಒಗರಿನ ಮೇಲೆ ನನಗೆ ಸಂಶಯ ಇದೆ. ಡಿಸ್ಟಿಲರಿಗೆ ಮತ್ತೊಮ್ಮೆ ಹೋದರೆ "ಎಷ್ಟು ಗ್ಯಾಲನ್ ಪೀಪಾಯಿ?" ಅಂತ ಕೇಳಿ. ಮರದ ಶೆಡ್ಡಿನಲ್ಲಿ ಇಡುತ್ತಾರಾ, ತಗಡಿನದಾ ಅಂತಲೂ ಕೇಳಿ. ನೆಟ್ಟಗೆ ಉತ್ತರ ಕೊಡುವವರ ಹತ್ತಿರ ಎರಡು ವರ್ಷ ಬಿಟ್ಟು ಮತ್ತೆ ಒಂದು ಬಾಟಲಿ ಕೊಳ್ಳಬಹುದು. ಇನ್ನೂ ಪೀಪಾಯಿಗೆ ಹಾಕದ ಸ್ಪಿರಿಟ್ ಇದ್ದರೆ ಒಂದು ಗುಟುಕು ಕೇಳಿ ನೋಡಿ. ಅಮೆರಿಕದವರು ಅದನ್ನು ಬಿಳಿ ನಾಯಿ ಅನ್ನುತ್ತಾರೆ, ಕಚ್ಚುತ್ತದೆ ಅಂತಲೋ ಏನೋ. ಅದು ಶುಚಿಯಾಗಿ, ಸಿಹಿಯಾಗಿ ಇದ್ದರೆ ಆ ಡಿಸ್ಟಿಲರಿಗೆ ಮುಂದೆ ಒಳ್ಳೆಯ ದಿನ ಇದೆ.

60 ಡಾಲರಿಗೆ ಬೆಲೆ ಬಾಳುತ್ತದಾ ಅಂತ ನೀವು ಕೇಳದಿದ್ದರೂ ಹೇಳುತ್ತೇನೆ. ರುಚಿಯೊಂದನ್ನೇ ತೂಗಿದರೆ ಇಲ್ಲ. ಅರ್ಧ ಬೆಲೆಗೆ ಎರಡು ಪಟ್ಟು ವಯಸ್ಸಿನ ಕೆಂಟಕಿ ಬೋರ್ಬನ್ ಸಿಗುತ್ತದೆ. ಸಣ್ಣವರು ಚಿಕ್ಕ ಭಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ, ಖರ್ಚು ಜಾಸ್ತಿ. ಆ ಹೆಚ್ಚುವರಿ ದುಡ್ಡು ನೀವು ಕೊಟ್ಟಿದ್ದು ಅವರ ಧಾನ್ಯಕ್ಕೆ, ಊರಿಗೆ, ನೋಡಿ ಬಂದ ನೆನಪಿಗೆ.

ಮನೆಯಲ್ಲಿಟ್ಟರೆ ಸರಿ ಹೋಗುತ್ತಾ? ಗಾಜಿನೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ಹತ್ತು ವರ್ಷ ಇಟ್ಟರೂ ಅದು 2 ವರ್ಷದ್ದೇ. ಒಮ್ಮೆ ತೆರೆದು, ಒಂದಿಷ್ಟು ಖಾಲಿಯಾಗಿ, ಗಾಳಿ ಸೇರಿದ ಮೇಲೆ ಕೆಲವು ವಾರಕ್ಕೆ ಆ ಮೊದಲ ಘಾಟು ತಗ್ಗುತ್ತದೆ, ಅಷ್ಟೇ. ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ. ಬಿಸಿಲು ಬೀಳುವ ಕಪಾಟು ಬೇಡ.

ಇನ್ನು ಮಾವನವರ ವಿಷಯ. ಅವರು ನಮ್ಮ ಕಡೆಯ ರೂಢಿಯಂತೆ ಸೋಡಾ, ಐಸು, ಪಕ್ಕಕ್ಕೆ ಕಾಂಗ್ರೆಸ್ ಕಡಲೆಬೀಜ ಇಟ್ಟುಕೊಂಡು ಕೂರುವವರಾದರೆ ಎಳೆಯದು ಬೇಡ. ಐಸಿನ ತಂಪಿಗೆ ಸಿಹಿ, ಹಣ್ಣು ಎಲ್ಲ ಮುದುಡಿಕೊಳ್ಳುತ್ತವೆ, ಒಗರು ಮಾತ್ರ ಉಳಿಯುತ್ತದೆ. 4 ವರ್ಷದ ಬಾಂಡ್ ಬಾಟಲಿ ತನ್ನಿ, ಶೇ. 50 ಇರುವುದರಿಂದ ಸೋಡಾದಲ್ಲೂ ರುಚಿ ಕಳೆದುಹೋಗುವುದಿಲ್ಲ. ನಿಮ್ಮ ಟೆಕ್ಸಾಸ್ ಬಾಟಲಿಯನ್ನೂ ಆಸೆಗೆ ತಂದಿರಿ ಅಂತಿಟ್ಟುಕೊಳ್ಳಿ, ಮಾವನವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಆ ಕಪ್ಪು ಬಣ್ಣ ನೋಡಿ "ಒಳ್ಳೇ ಹಳೇ ಮಾಲು ಕಣಪ್ಪ" ಅನ್ನುತ್ತಾರೆ. ಹೂಂ ಅಂದುಬಿಡಿ. ನಾನೂ ಒಮ್ಮೆ ಹಾಗೇ ಅಂದವನು.